ಸಿನಿಮಾಗೊಂದು ಪೆಟ್ಟಿಗೆ, ಕೆಲಸಕ್ಕೊಂದು ಪೆಟ್ಟಿಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ದೊಡ್ಡ ಟಿವಿಗೆ ಕಂಪ್ಯೂಟರ್ ಜೋಡಿಸಿ ಸಿನಿಮಾ ನೋಡಬೇಕು, ಆದರೆ ಭಾರಿ ಕೆಲಸವನ್ನೂ ಅದೇ ಕಂಪ್ಯೂಟರ್ ಮಾಡಬೇಕು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ (ಹಾಸನ): ನಮಸ್ಕಾರ ಸರ್. ನಾನು ನಿವೃತ್ತ ಬ್ಯಾಂಕ್ ನೌಕರ. ಹಾಲ್‌ನಲ್ಲಿ 55 ಇಂಚಿನ 4ಕೆ ಟಿವಿ ಇದೆ. ಮಗ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾನೆ, ಬಿಡುವಾದಾಗ ಗೇಮ್ ಆಡುತ್ತಾನೆ. ಎಲ್ಲಕ್ಕೂ ಸೇರಿಸಿ ಒಂದೂವರೆ ಲಕ್ಷದೊಳಗೆ ಒಂದೇ ಕಂಪ್ಯೂಟರ್ ಕಟ್ಟಿಸೋಣ ಅಂದುಕೊಂಡಿದ್ದೇವೆ. ಅಂಗಡಿಯವರು 4ಕೆ ಸಿನಿಮಾ ಚೆನ್ನಾಗಿ ಕಾಣಬೇಕಾದರೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಅನ್ನುತ್ತಾರೆ. ನಿಜವಾ?

ಉತ್ತರ: ನಿಜ ಅಲ್ಲ ಸರ್. ದಯವಿಟ್ಟು ಆ ಮಾತು ನಂಬಿ ದುಡ್ಡು ಕೊಡಬೇಡಿ.

ಸಿನಿಮಾ ಫೈಲು ಅಂದರೆ ಒತ್ತಿ ಚಿಕ್ಕದು ಮಾಡಿಟ್ಟ ಚಿತ್ರಗಳ ಗಂಟು. ಆ ಗಂಟು ಬಿಚ್ಚುವ ಕೆಲಸಕ್ಕೆ ಅಂತಲೇ ಚಿಪ್ಪಿನೊಳಗೆ ಡಿಕೋಡರ್ ಅನ್ನುವ ಪುಟ್ಟ ಭಾಗ ಇರುತ್ತದೆ. ಅದು ಇದ್ದರೆ ಸಿನಿಮಾ ನೀರು ಹರಿದ ಹಾಗೆ ಓಡುತ್ತದೆ. ಇಲ್ಲದಿದ್ದರೆ ಪ್ರೊಸೆಸರ್ ಎಷ್ಟೇ ಬಲವಾಗಿದ್ದರೂ ಸುಮ್ನೆ ಬಿಸಿಯಾಗುತ್ತದೆ, ಫ್ಯಾನು ಕೂಗುತ್ತದೆ. 2023ರಲ್ಲಿ ಬಂದ ಇಂಟೆಲ್ ಎನ್ 100 ಅನ್ನುವ ಚಿಪ್ಪು ಬರೀ 6 ವ್ಯಾಟಿನದು, ನಾಲ್ಕು ಕೋರ್ ಮಾತ್ರ. ಆದರೆ ಅದರಲ್ಲಿ ಎಚ್‌ಇವಿಸಿ, ವಿಪಿ9, ಎವಿ1 ಅನ್ನುವ ಮೂರು ಬಗೆಯ ಗಂಟುಗಳಿಗೂ ಡಿಕೋಡರ್ ಇದೆ. ಒಳ್ಳೆಯ 4ಕೆ ಫೈಲುಗಳನ್ನೆಲ್ಲ ಅದು ಆರಾಮಾಗಿ ಓಡಿಸುತ್ತದೆ. ಯೂಟ್ಯೂಬ್ ಎವಿ1 ಅನ್ನು ಹೆಚ್ಚು ಹೆಚ್ಚು ಬಳಸುತ್ತಿರುವುದರಿಂದ ಇಂದು ಹೊಸದಾಗಿ ಏನೇ ಕೊಂಡರೂ ಅದೊಂದು ಇದೆಯಾ ಅಂತ ನೋಡಿಕೊಳ್ಳಿ. ಇಂಟೆಲ್‌ನಲ್ಲಿ ಅದು 11ನೇ ತಲೆಮಾರಿನಿಂದ ಬಂತು, ಎನ್ವಿಡಿಯಾದಲ್ಲಿ 2020ರ ಆರ್‌ಟಿಎಕ್ಸ್ 30 ಸರಣಿಯಿಂದ.

ಆದ್ದರಿಂದ ಒಂದರ ಬದಲು ಎರಡು ಪೆಟ್ಟಿಗೆ ಮಾಡಿ. ಇದು ದುಬಾರಿ ಅನ್ನಿಸುತ್ತದೆ, ಆದರೆ ಹಾಗಲ್ಲ. ಎಡಿಟಿಂಗ್‌ಗೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ಕೆಲಸ ಮಾಡುವಾಗ 150, 200 ವ್ಯಾಟ್ ಕುಡಿಯುತ್ತದೆ, ಆ ಬಿಸಿಯನ್ನೆಲ್ಲ ಫ್ಯಾನು ಹೊರಗೆ ತಳ್ಳಬೇಕು. ಹಾಲ್‌ನಲ್ಲಿ ನೀವು ಮೆಲ್ಲನೆಯ ಮಾತಿನ ದೃಶ್ಯ ನೋಡುತ್ತಾ ಕೂತಿರುವಾಗ ಪಕ್ಕದಲ್ಲಿ ಆ ಸದ್ದು ಇದ್ದರೆ ಯಾವ ಸ್ಪೀಕರ್ ತಂದೂ ಪ್ರಯೋಜನ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಮಗೆ ಸಿನಿಮಾ ನೋಡಬೇಕು ಅನ್ನಿಸುವ ರಾತ್ರಿಯೇ ಮಗನಿಗೆ ನಾಳೆ ಕೊಡಬೇಕಾದ ಮದುವೆ ವಿಡಿಯೊ ರೆಂಡರ್ ಆಗುತ್ತಿರುತ್ತದೆ, ಅಂದರೆ ಎಡಿಟ್ ಮಾಡಿದ್ದು ಪೂರ್ತಿ ಫೈಲಾಗಿ ತಯಾರಾಗುತ್ತಿರುತ್ತದೆ. ಅಲ್ವಾ?

ಹಾಲ್‌ಗೆ ಒಂದು ಮಿನಿ ಪಿಸಿ ಸಾಕು. ಎನ್ 100 ಅಥವಾ ಅದರ ನಂತರದ್ದು, 8 ಜಿಬಿ ರ‍್ಯಾಮ್, ಒಂದು ಸಾಧಾರಣ ಎಸ್‌ಎಸ್‌ಡಿ. ಟಿವಿ ಹಿಂದೆ ಅಂಟಿಸಿಬಿಡಬಹುದು. ಅದರಲ್ಲಿ ಸಿನಿಮಾ ಓಡಿಸುವ ಕೋಡಿ ಅನ್ನುವ ತಂತ್ರಾಂಶ ಹಾಕಿಕೊಳ್ಳಿ, ರಿಮೋಟಿನಲ್ಲೇ ಎಲ್ಲ ನಡೆಯುತ್ತದೆ.

ಉಳಿದ ದುಡ್ಡೆಲ್ಲ ಮಗನ ಪೆಟ್ಟಿಗೆಗೆ. ಇಲ್ಲಿ ಅವರನ್ನು ಮೊದಲು ಒಂದು ಪ್ರಶ್ನೆ ಕೇಳಿ: ಕ್ಯಾಮೆರಾದಿಂದ ಬರುವ ಫೈಲು ಯಾವ ಬಗೆಯದು? ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ತುಂಬಾ ಜನ ಎಚ್‌ಇವಿಸಿ 4:2:2 10 ಬಿಟ್ ಅನ್ನುವ, ಬಣ್ಣದ ವಿವರ ಹೆಚ್ಚು ಇರುವ ಬಗೆಯಲ್ಲಿ ಶೂಟ್ ಮಾಡುತ್ತಾರೆ. ಬಣ್ಣ ತಿದ್ದಲು ಅದು ಒಳ್ಳೆಯದು, ಆದರೆ ಅದರ ಡಿಕೋಡರ್ ಎಲ್ಲ ಕಾರ್ಡಿನಲ್ಲೂ ಇಲ್ಲ. ಆರ್‌ಟಿಎಕ್ಸ್ 40 ಸರಣಿಯಲ್ಲಿ ಇರಲಿಲ್ಲ, 50 ಸರಣಿಯಲ್ಲಿ ಬಂತು. ಇಂಟೆಲ್ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್‌ನಲ್ಲಿ ಅದಕ್ಕೂ ಮೊದಲಿಂದಲೇ ಇದೆ, ಕ್ವಿಕ್ ಸಿಂಕ್ ಅನ್ನುತ್ತಾರೆ. ಹೀಗಾಗಿ ಎಡಿಟಿಂಗೇ ಹೊಟ್ಟೆಪಾಡು ಅಂದಮೇಲೆ ನಾನು ಇಂಟೆಲ್ ಪ್ರೊಸೆಸರ್ ತಗೊಳ್ಳಿ ಅನ್ನುತ್ತೇನೆ. ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇರುವುದನ್ನು ಮಾತ್ರ ಬೇಡ ಅನ್ನಿ. ಸ್ವಲ್ಪ ಅಗ್ಗ ಅಂತ ಅಂಗಡಿಯಲ್ಲಿ ಅದನ್ನೇ ಮೊದಲು ತೋರಿಸುತ್ತಾರೆ, ಆದರೆ ಆ ಒಳಗಿನ ಗ್ರಾಫಿಕ್ಸೇ ಅದರಲ್ಲಿ ಇರುವುದಿಲ್ಲ. ಗೇಮೇ ಮುಖ್ಯ ಆಗಿದ್ದರೆ ನನ್ನ ಉತ್ತರ ಬೇರೆ. ಆಗ ಎಎಂಡಿಯ ರೈಜನ್ 7 7800ಎಕ್ಸ್3ಡಿ ತರಹದ್ದು, ಅದರಲ್ಲಿರುವ 96 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಗೇಮಿಗೆ ನಿಜವಾಗಿಯೂ ಜಾಸ್ತಿ ಸಹಾಯ ಮಾಡುತ್ತದೆ.

ಗ್ರಾಫಿಕ್ಸ್ ಕಾರ್ಡ್ ಆರಿಸುವಾಗ ವೇಗಕ್ಕಿಂತ ಮೊದಲು ಅದರ ಮೆಮೊರಿ ನೋಡಿ. 4ಕೆ ಟೈಮ್‌ಲೈನಿನಲ್ಲಿ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ತೆಗೆಯುವ ಎಫೆಕ್ಟ್ ಹಾಕಿದಾಗ 8 ಜಿಬಿ ಕಾರ್ಡು ಮೆಮೊರಿ ಸಾಲದು ಅಂತ ನಿಂತುಬಿಡಬಹುದು, 16 ಜಿಬಿಯದು ನಿಧಾನವಾದರೂ ಕೆಲಸ ಮುಗಿಸುತ್ತದೆ. ಆರ್‌ಟಿಎಕ್ಸ್ 5060 ಟಿಐ 16 ಜಿಬಿ ನಿಮ್ಮ ಬಜೆಟ್ಟಿಗೆ ಹೊಂದುತ್ತದಾ ನೋಡಿ. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಬಿಲ್ಲಿನಲ್ಲಿ 16 ಅಂತ ಬರೆದಿದ್ದಾರಾ ಅಂತ ಓದಿಕೊಳ್ಳಿ. ರ‍್ಯಾಮ್ 32 ಜಿಬಿ ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ತುಂಬಾ ಏರಿರುವುದರಿಂದ ಕೊಳ್ಳುವ ದಿನದ ಬೆಲೆ ಎರಡು ಮೂರು ಕಡೆ ಕೇಳಿಯೇ ನಿರ್ಧಾರ ಮಾಡಿ. ಎಸ್‌ಎಸ್‌ಡಿ ಎರಡು ಇರಲಿ, ಒಂದು ವಿಂಡೋಸ್‌ಗೆ, ಇನ್ನೊಂದು ನಡೆಯುತ್ತಿರುವ ಕೆಲಸಕ್ಕೆ. ಮುಗಿದ ಮದುವೆಗಳನ್ನು ಇಡಲು ದೊಡ್ಡ ಹಾರ್ಡ್ ಡಿಸ್ಕ್, ಅದರದ್ದೇ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ. ಯಾರದೋ ಮದುವೆ ವಿಡಿಯೊ ಕಳೆದುಹೋದರೆ ಮತ್ತೆ ಶೂಟ್ ಮಾಡಲು ಆಗುವುದಿಲ್ಲವಲ್ಲ, ಇದರಲ್ಲಿ ಮಾತ್ರ ಚೌಕಾಸಿ ಬೇಡ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತರುವುದಾದರೆ ಪ್ರತಿ ಬಿಡಿಭಾಗದ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ಲು ಕೇಳಿ. ಬಿಲ್ಲಿಲ್ಲದೆ ಸ್ವಲ್ಪ ಕಡಿಮೆ ಮಾಡುತ್ತೇವೆ ಅಂದರೆ ಬೇಡ, ಗ್ರಾಫಿಕ್ಸ್ ಕಾರ್ಡು ಎರಡನೇ ವರ್ಷ ಕೈಕೊಟ್ಟಾಗ ಆ ಕಾಗದ ಒಂದೇ ನಿಮ್ಮ ಜೊತೆ ನಿಲ್ಲುವುದು. ಎರಡೂ ಪೆಟ್ಟಿಗೆಗಳ ನಡುವೆ ಒಂದು ಲ್ಯಾನ್ ಕೇಬಲ್ ಎಳೆಸಿ. ಮಗನ ಕಂಪ್ಯೂಟರಿನಲ್ಲಿ ಜೆಲ್ಲಿಫಿನ್ ಅನ್ನುವ, ವಿಡಿಯೊ ಹಂಚುವ ತಂತ್ರಾಂಶ ಹಾಕಿದರೆ ಅಲ್ಲಿರುವ ಫೈಲನ್ನು ನೀವು ಹಾಲ್‌ನಲ್ಲಿ ಕೂತು ನೋಡಬಹುದು.

ಇನ್ನೊಂದು ಮಾತು. ನಿಮ್ಮ ಸೋಫಾ ಟಿವಿಯಿಂದ ಎಷ್ಟು ದೂರ ಇದೆ? 55 ಇಂಚಿಗೆ ಐದೂವರೆಯಿಂದ ಏಳೂವರೆ ಅಡಿ ಚೆನ್ನ. ನಮ್ಮ ಹಾಲ್‌ಗಳಲ್ಲಿ ಸೋಫಾ ಎದುರು ಗೋಡೆಗೆ ಒರಗಿರುತ್ತದೆ, ಹತ್ತು ಹನ್ನೆರಡು ಅಡಿ ದೂರ. ಅಲ್ಲಿಂದ 4ಕೆಗೂ ಫುಲ್ ಎಚ್‌ಡಿಗೂ ವ್ಯತ್ಯಾಸ ಕಣ್ಣಿಗೆ ಸಿಗುವುದು ಕಷ್ಟ. ಸೋಫಾ ಮುಂದಕ್ಕೆ ಎಳೆದು ನೋಡಿ, ಇದಕ್ಕೆ ದುಡ್ಡು ಖರ್ಚಿಲ್ಲ.

ಪ್ರಶ್ನೆ (ಕಾರ್ಕಳ): ಮಿನಿ ಪಿಸಿ ತಂದು 4ಕೆ ಟಿವಿಗೆ ಜೋಡಿಸಿದೆ. ನೆಟ್‌ಫ್ಲಿಕ್ಸ್ ದುಬಾರಿ ಪ್ಲಾನ್ ಇದೆ, ಫೈಬರ್ ಇಂಟರ್ನೆಟ್ ಇದೆ. ಆದರೂ ಚಿತ್ರ ಮಸುಕು. ಟಿವಿಯದ್ದೇ ಆಪ್‌ನಲ್ಲಿ ನೋಡಿದರೆ ಚೆನ್ನಾಗಿದೆ. ಪಿಸಿ ಕೆಟ್ಟಿದೆಯಾ?

ಉತ್ತರ: ಪಿಸಿ ಚೆನ್ನಾಗಿಯೇ ಇದೆ. ಇದು ಕಳ್ಳನಕಲು ತಡೆಯಲು ಮಾಡಿರುವ ಬೀಗದ ಕಥೆ. ಕಂಪ್ಯೂಟರಿನಲ್ಲಿ 4ಕೆ ಕೊಡಬೇಕಾದರೆ ಚಿಪ್ಪಿನಿಂದ ಟಿವಿವರೆಗೆ ದಾರಿಯುದ್ದಕ್ಕೂ ಎಚ್‌ಡಿಸಿಪಿ 2.2 ಅನ್ನುವ ಬೀಗ ಇರಬೇಕು. ಜೊತೆಗೆ ಎಡ್ಜ್ ಬ್ರೌಸರ್ ಅಥವಾ ವಿಂಡೋಸಿನ ನೆಟ್‌ಫ್ಲಿಕ್ಸ್ ಆಪ್ ಬೇಕು, ವಿಂಡೋಸಿಗೆ ಎಚ್‌ಇವಿಸಿ ಎಕ್ಸ್‌ಟೆನ್ಷನ್ ಹಾಕಿರಬೇಕು. ಪಿಸಿಗೆ ಇನ್ನೊಂದು ಹಳೆಯ ಮಾನಿಟರ್ ಸಿಕ್ಕಿಸಿದ್ದರೆ ಅದೊಂದೇ ಸಾಕು, ಎಲ್ಲ ಪರದೆಗಳೂ ಆ ಬೀಗಕ್ಕೆ ಒಪ್ಪಬೇಕು ಅನ್ನುವ ನಿಯಮ ಇರುವುದರಿಂದ ಟಿವಿಯಲ್ಲೂ 4ಕೆ ನಿಂತುಹೋಗುತ್ತದೆ. ಲಿನಕ್ಸ್ ಹಾಕಿದವರಿಗಂತೂ 4ಕೆ ಸಿಗುವುದೇ ಇಲ್ಲ.

ನನ್ನ ಸಲಹೆ ಕೇಳಿದರೆ, ಒಟಿಟಿಯನ್ನು ಟಿವಿಯ ಆಪ್‌ನಲ್ಲೇ ನೋಡಿ. ಟಿವಿಯ ಆಪ್ ನಿಧಾನವಾಗಿದ್ದರೆ ಒಂದು ಒಳ್ಳೆಯ 4ಕೆ ಸ್ಟ್ರೀಮಿಂಗ್ ಸ್ಟಿಕ್ ತನ್ನಿ. ಅವು ಮೊದಲೇ ಪ್ರಮಾಣಪತ್ರ ಪಡೆದು ಬಂದಿರುತ್ತವೆ, ನೀವು ಏನೂ ಗುದ್ದಾಡಬೇಕಿಲ್ಲ. ಮಿನಿ ಪಿಸಿಯನ್ನು ನಿಮ್ಮದೇ ಫೈಲುಗಳಿಗೆ, ಮನೆಯವರ ಹಳೆಯ ವಿಡಿಯೊಗಳಿಗೆ, ಯೂಟ್ಯೂಬಿಗೆ ಇಟ್ಟುಕೊಳ್ಳಿ. ಕರಾವಳಿ ಕಡೆ ಮಳೆಗಾಲದ ತೇವ ಜಾಸ್ತಿ, ಆಗಾಗ ಚಾಲೂ ಮಾಡಿ ಇಡಿ. ತಿಂಗಳುಗಟ್ಟಲೆ ಮುಚ್ಚಿಟ್ಟ ಪೆಟ್ಟಿಗೆಯೇ ಬೇಗ ತುಕ್ಕು ಹಿಡಿಯುವುದು.

ಪ್ರಶ್ನೆ (ಮಂಡ್ಯ): ಆಫೀಸಿನಿಂದ ಹೊರಬಂದ 8ನೇ ತಲೆಮಾರಿನ ಸಣ್ಣ ಕಂಪ್ಯೂಟರ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ. 4ಕೆ ಟಿವಿಗೆ ಹಾಕಿದರೆ ಮೌಸ್ ಎಳೆದುಕೊಂಡು ಹೋದ ಹಾಗೆ ಓಡುತ್ತದೆ. ರ‍್ಯಾಮ್ ಹೆಚ್ಚಿಸಬೇಕಾ?

ಉತ್ತರ: ಬೇಡ, ರ‍್ಯಾಮಿಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಕಂಪ್ಯೂಟರಿನ ಎಚ್‌ಡಿಎಂಐ ಕಿಂಡಿ 1.4 ಇರಬೇಕು. ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೋಗುತ್ತದೆ, ಅದಕ್ಕೇ ಮೌಸ್ ಹಾಗೆ ಕಾಣುವುದು. 60 ಸಲ ಕಳಿಸಲು 2013ರಲ್ಲಿ ಬಂದ 2.0 ಬೇಕು. ಆ ಕಾಲದ ಇಂಟೆಲ್ ಯಂತ್ರಗಳಲ್ಲಿ ತಯಾರಕರು ಬೇರೆ ಚಿಪ್ಪು ಸೇರಿಸಿದ್ದರೆ ಮಾತ್ರ 2.0 ಇರುತ್ತಿತ್ತು.

ಸಮಾಧಾನದ ಸಂಗತಿ ಅಂದರೆ ಅಂಥ ಆಫೀಸ್ ಯಂತ್ರಗಳ ಹಿಂದೆ ಬಹುತೇಕ ಡಿಸ್‌ಪ್ಲೇಪೋರ್ಟ್ ಕಿಂಡಿ ಇರುತ್ತದೆ. ಅದರಲ್ಲಿ 4ಕೆ 60 ಬರುತ್ತದೆ. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐ 2.0ಕ್ಕೆ ಬದಲಿಸುವ 'ಆ್ಯಕ್ಟಿವ್' ಅಡಾಪ್ಟರ್ ಕೇಳಿ ತನ್ನಿ, ಆ ಪದ ಬಿಡಬೇಡಿ, ಇಲ್ಲವಾದರೆ ಅಗ್ಗದ ಸಾದಾ ಅಡಾಪ್ಟರ್ ಕೊಟ್ಟು ಕಳಿಸುತ್ತಾರೆ. ಟಿವಿಯ ಸೆಟ್ಟಿಂಗ್ಸ್‌ನಲ್ಲೂ ಆ ಒಂದು ಎಚ್‌ಡಿಎಂಐ ಕಿಂಡಿಗೆ ಪೂರ್ತಿ ಸಿಗ್ನಲ್ ತೆರೆಯುವ ಆಯ್ಕೆ ಇರುತ್ತದೆ. ಸೋನಿಯಲ್ಲಿ ಅದಕ್ಕೆ 'ಎನ್‌ಹಾನ್ಸ್‌ಡ್ ಫಾರ್ಮ್ಯಾಟ್', ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಎಲ್‌ಜಿಯಲ್ಲಿ 'ಡೀಪ್ ಕಲರ್' ಅಂತ ಹೆಸರು. ಎವಿ1 ಡಿಕೋಡರ್ ನಿಮ್ಮದರಲ್ಲಿ ಇಲ್ಲ, ಎಚ್‌ಇವಿಸಿ 10 ಬಿಟ್ ಇದೆ. ಸಿನಿಮಾ ಫೈಲುಗಳಿಗೆ ಸದ್ಯಕ್ಕೆ ಅಷ್ಟು ಸಾಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮದು 8ನೇ ತಲೆಮಾರು ಆದ್ದರಿಂದ 11ಕ್ಕೆ ಏರಿಸಬಹುದು, ಏರಿಸಿಬಿಡಿ.

ಪ್ರಶ್ನೆ (ತೀರ್ಥಹಳ್ಳಿ): ನಮ್ಮಲ್ಲಿ ಕರೆಂಟು ಹೇಳದೆ ಹೋಗುತ್ತದೆ, ಬರುತ್ತದೆ. ಮನೆಗೆ ಇನ್ವರ್ಟರ್ ಇದೆ. ಹೊಸದಾಗಿ ದೊಡ್ಡ ಕಂಪ್ಯೂಟರ್ ಮಾಡಿಸುತ್ತಿದ್ದೇನೆ. ಬೇರೆ ಯುಪಿಎಸ್ ಬೇಕಾ, ಇನ್ವರ್ಟರೇ ಸಾಕಾ?

ಉತ್ತರ: ಮಲೆನಾಡಿನವರು ಈ ಪ್ರಶ್ನೆ ಮೊದಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ನಾನು ಇದನ್ನು ಕೇಳದೆ ಕಲಿತವನು.

ನಿಮ್ಮ ಇನ್ವರ್ಟರ್ ಸೈನ್ ವೇವ್ ಇದೆಯಾ, ಸ್ಕ್ವೇರ್ ವೇವ್ ಇದೆಯಾ ಮೊದಲು ನೋಡಿ. ಇನ್ವರ್ಟರಿನಲ್ಲಿ ಓಡುವಾಗ ಫ್ಯಾನು ಗುಂಯ್ ಅನ್ನುತ್ತಿದ್ದರೆ ಅದು ಹೆಚ್ಚಾಗಿ ಸ್ಕ್ವೇರ್ ವೇವ್. ಒಳ್ಳೆಯ ಕಂಪ್ಯೂಟರ್ ಪವರ್ ಸಪ್ಲೈಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕ್ಯೂಟ್ ಇರುತ್ತದೆ, ಅದಕ್ಕೆ ಆ ಚೌಕಾಕಾರದ ಕರೆಂಟು ಒಗ್ಗುವುದಿಲ್ಲ. ಕೆಲವು ಆಫ್ ಆಗಿಬಿಡುತ್ತವೆ, ಕೆಲವು ಬಿಸಿಯಾಗುತ್ತವೆ. ಸೈನ್ ವೇವ್ ಇದ್ದರೆ ಅದರ ಹಿಂದೆ ಅಥವಾ ಮುಂದೆ ಇರುವ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ. ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ನಡುವಿನ ಸಮಯ ಇಲ್ಲಿ ಮುಖ್ಯ, ಯುಪಿಎಸ್ ಮೋಡಿನಲ್ಲಿ ಅದು ಕಡಿಮೆ. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ತಿ ಲೋಡಿನಲ್ಲಿ ಸಾಮಾನ್ಯವಾಗಿ 16 ಮಿಲಿಸೆಕೆಂಡು ಮಾತ್ರ ಉಸಿರು ಹಿಡಿದಿರುತ್ತದೆ. ಬೇರೆ ಯುಪಿಎಸ್ ತರುವುದಾದರೆ ಅಂಗಡಿಯಲ್ಲಿ ಎಲ್ಲರಿಗೂ ಕೊಡುವ 600 ವಿಎ ಯುಪಿಎಸ್ ನಿಮಗೆ ಸಾಲದು. ಅದರಿಂದ ಸುಮಾರು 360 ವ್ಯಾಟ್ ಅಷ್ಟೇ ಸಿಗುವುದು, ಗ್ರಾಫಿಕ್ಸ್ ಕಾರ್ಡು ಒಮ್ಮೆಗೇ ಎಳೆದಾಗ ಅದು ಕೈಬಿಡುತ್ತದೆ. ಪೆಟ್ಟಿಗೆಯ ಲೆಕ್ಕ ವ್ಯಾಟಿನಲ್ಲಿ ಹಾಕಿ, ವಿಎಯಲ್ಲಿ ಅಲ್ಲ.

ಅರ್ತಿಂಗ್ ಪರೀಕ್ಷೆ ಮಾಡಿಸಿ. ಪೆಟ್ಟಿಗೆಯ ಲೋಹ ಮುಟ್ಟಿದಾಗ ಬೆರಳು ಜುಮ್ ಅನ್ನುತ್ತಿದ್ದರೆ ಅರ್ತ್ ಇಲ್ಲ ಅಂತಲೇ ತಿಳಿಯಿರಿ, ಪವರ್ ಸಪ್ಲೈಯ ಒಳಗಿನ ಫಿಲ್ಟರಿನಿಂದ ಸೋರುವ ಕರೆಂಟಿಗೆ ನೆಲಕ್ಕೆ ಹೋಗುವ ದಾರಿ ಸಿಕ್ಕಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸುವ ಖರ್ಚು ಒಂದು ರ‍್ಯಾಮಿಗಿಂತ ಕಡಿಮೆ.

ಇನ್ನು ಸಿಡಿಲು. ಕೆಲವು ವರ್ಷಗಳ ಹಿಂದೆ ಏಪ್ರಿಲಿನ ಒಂದು ಸಂಜೆ ಗುಡುಗು ಕೇಳಿದ ಕೂಡಲೇ ನಾನು ಟಿವಿ ಮತ್ತು ಕಂಪ್ಯೂಟರಿನ ಪ್ಲಗ್ ಕಿತ್ತೆ. ನಿಶ್ಚಿಂತೆಯಾಗಿ ಊಟಕ್ಕೆ ಕೂತೆ. ಸಿಡಿಲು ಬಂದದ್ದು ಚಾವಣಿಯ ಡಿಶ್ಶಿನ ಕೇಬಲಿನಿಂದ. ಸೆಟ್‌ಟಾಪ್ ಬಾಕ್ಸು, ಅದರಿಂದ ಟಿವಿಯ ಎಚ್‌ಡಿಎಂಐ, ಅಲ್ಲಿಂದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು, ಮೂರೂ ಹೋದವು. ಹಾಗಾಗಿ ಪ್ಲಗ್ ಮಾತ್ರ ಅಲ್ಲ, ಡಿಶ್ ಕೇಬಲ್, ಲ್ಯಾನ್ ಕೇಬಲ್ ಎಲ್ಲವನ್ನೂ ಬಿಚ್ಚಿ. ಫೈಬರ್ ತಂತಿ ಗಾಜಿನದು, ಅದರೊಳಗೆ ಕರೆಂಟು ಹರಿಯುವುದಿಲ್ಲ, ಆದರೆ ಫೈಬರ್ ಬಾಕ್ಸಿನ ಅಡಾಪ್ಟರ್ ಗೋಡೆಯಲ್ಲೇ ಇರುತ್ತದಲ್ಲ, ಅದನ್ನೂ ಕೀಳಬೇಕು.

ಪ್ರಶ್ನೆ (ಧಾರವಾಡ): ನಮ್ಮದು ಹಳೇ 5.1 ಸ್ಪೀಕರ್ ಸೆಟ್, ಮೂರು ಪಿನ್ನಿಂದು. ಹೊಸ ಮಿನಿ ಪಿಸಿಗೆ ಹಾಕಿದ ಮೇಲೆ ಡೈಲಾಗೇ ಕೇಳಂಗಿಲ್ಲ ನೋಡ್ರಿ, ಫೈಟ್ ಬಂದ್ರೆ ಮನೆ ಅದುರುತ್ತದೆ. ಸ್ಪೀಕರ್ ಬದಲಿಸಬೇಕಾ?

ಉತ್ತರ: ಬದಲಿಸಬೇಡಿ. 5.1 ಸಿನಿಮಾದಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರುತ್ತದೆ. ನಿಮ್ಮ ಮೂರು ಪಿನ್ನುಗಳಲ್ಲಿ ಹಸಿರು ಮುಂದಿನ ಎರಡಕ್ಕೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ನಡುವಿನದಕ್ಕೆ ಮತ್ತು ಸಬ್‌ವೂಫರಿಗೆ. ಮಿನಿ ಪಿಸಿಯಲ್ಲಿ ಇರುವುದು ಒಂದೇ ಕಿಂಡಿ, ಹಸಿರು ಮಾತ್ರ ಹಾಕಿದ್ದೀರಿ. ಪ್ಲೇಯರಿನಲ್ಲೋ ವಿಂಡೋಸಿನಲ್ಲೋ 5.1 ಅಂತ ಆಯ್ಕೆ ಉಳಿದಿದ್ದರೆ ಮಾತು ಇಲ್ಲದ ನಡುವಿನ ಸ್ಪೀಕರನ್ನು ಹುಡುಕಿಕೊಂಡು ಹೋಗಿ ಕಳೆದುಹೋಗುತ್ತದೆ.

ಇಂದೇ ಮಾಡಬಹುದಾದದ್ದು: ಸ್ಪೀಕರ್ ಆಯ್ಕೆಯನ್ನು ಎರಡೂ ಕಡೆ ಸ್ಟೀರಿಯೊ ಮಾಡಿ. ಆಗ ನಡುವಿನ ಮಾತು ಎಡಬಲ ಎರಡಕ್ಕೂ ಹಂಚಿಕೆಯಾಗುತ್ತದೆ. ನಿಜವಾದ 5.1 ಬೇಕಾದರೆ ಮೂರು ಆಡಿಯೊ ಕಿಂಡಿ ಇರುವ ಯುಎಸ್‌ಬಿ ಸೌಂಡ್ ಕಾರ್ಡು ತನ್ನಿ, ದೊಡ್ಡ ಖರ್ಚಲ್ಲ. ರಾತ್ರಿ ಹೊತ್ತು ಮನೆಯವರು ಮಲಗಿದ ಮೇಲೆ ನೋಡುವುದಾದರೆ ವಿಎಲ್‌ಸಿಯಲ್ಲಿ ಕಂಪ್ರೆಸರ್ ಹಾಕಿ, ಸಣ್ಣ ಸದ್ದು ಮೇಲೇಳುತ್ತದೆ, ದೊಡ್ಡ ಸದ್ದು ತಗ್ಗುತ್ತದೆ.

ಮುಂದೆ ಸೌಂಡ್‌ಬಾರ್ ತಗೊಳ್ಳುವ ಯೋಚನೆ ಇದ್ದರೆ ಅದಕ್ಕೂ ಟಿವಿಗೂ ಇಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲಿನಲ್ಲೇ ಸೌಂಡ್‌ಬಾರಿಗೆ ಕಳಿಸುವ ವ್ಯವಸ್ಥೆ) ಇದೆಯಾ ನೋಡಿ. ಸಾದಾ ಎಆರ್‌ಸಿಯಲ್ಲಿ ಒಟಿಟಿಯ ಆಟ್ಮಾಸ್ (ಸುತ್ತಲಿಂದಲೂ ಮೇಲಿಂದಲೂ ಕೇಳುವ ಸದ್ದು) ಬರುತ್ತದೆ, ಆದರೆ ಬ್ಲೂರೇಯಲ್ಲಿರುವ ಟ್ರೂಎಚ್‌ಡಿ ತರಹದ, ಏನೂ ಕಳೆದುಕೊಳ್ಳದ ಸದ್ದು ಬರುವುದಿಲ್ಲ.

ಪ್ರಶ್ನೆ (ಬೆಂಗಳೂರು, ವಿಜಯನಗರ): ಹೊಸ ಗ್ರಾಫಿಕ್ಸ್ ಕಾರ್ಡ್, ಹೊಸ ಟಿವಿ, ಎಲ್ಲ ಇದೆ. ಆದರೂ ಸಿನಿಮಾದಲ್ಲಿ ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಚಿತ್ರ ತಡವರಿಸುತ್ತದೆ. ಇನ್ನೂ ದೊಡ್ಡ ಕಾರ್ಡ್ ಬೇಕಾ?

ಉತ್ತರ: ದೊಡ್ಡ ಕಾರ್ಡ್ ಹಾಕಿದರೂ ಅದು ಹಾಗೆಯೇ ತಡವರಿಸುತ್ತದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ. ನಿಮ್ಮ ಕಂಪ್ಯೂಟರ್ ಟಿವಿಗೆ ಕಳಿಸುತ್ತಿರುವುದು 60. 60ನ್ನು 24ರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಅರ್ಧ ಸಲ ತೋರಿಸಲು ಆಗುವುದಿಲ್ಲವಲ್ಲ, ಹಾಗಾಗಿ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ, ಹೀಗೆ ಕುಂಟುತ್ತಾ ಹೋಗುತ್ತದೆ. ನಿಮ್ಮ ಕಣ್ಣು ಹಿಡಿದದ್ದು ಅದನ್ನೇ, ಕಣ್ಣು ಸರಿಯಾಗಿದೆ.

ಕೋಡಿಯಲ್ಲಿ ಪರದೆಯ ರಿಫ್ರೆಶ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ತೋರಿಸಬೇಕು ಅನ್ನುವುದನ್ನು, ಸಿನಿಮಾಗೆ ಹೊಂದಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಸಿನಿಮಾ ಶುರುವಾದ ಕೂಡಲೇ ಟಿವಿ 24ಕ್ಕೆ ಬದಲಾಗುತ್ತದೆ, ಒಂದು ಕ್ಷಣ ಪರದೆ ಕಪ್ಪಾದರೆ ಗಾಬರಿಯಾಗಬೇಡಿ. ನಮ್ಮ ಟಿವಿ ವಾಹಿನಿಗಳಿಂದ ಮುದ್ರಿಸಿಕೊಂಡ ಕಾರ್ಯಕ್ರಮಗಳು 25ರ ಲೆಕ್ಕದವು, ಅವಕ್ಕೆ 50 ಹರ್ಟ್ಸ್ ಸರಿ. ಬ್ರೌಸರಿನಲ್ಲಿ ನೋಡುವಾಗ ಇದು ತಾನಾಗಿ ಆಗುವುದಿಲ್ಲ. ನಿಮ್ಮ ಟಿವಿ 120 ಹರ್ಟ್ಸಿನದಾದರೆ ಕಂಪ್ಯೂಟರನ್ನೂ 120ಕ್ಕೆ ಇಟ್ಟುಬಿಡಿ, ಆಗ ಪ್ರತಿ ಚಿತ್ರಕ್ಕೂ ಸರಿಯಾಗಿ ಐದು ಸಲ. 4ಕೆಯಲ್ಲಿ ಅದಕ್ಕೆ ಎರಡೂ ಕಡೆ ಎಚ್‌ಡಿಎಂಐ 2.1 ಇರಬೇಕು.

ದೊಡ್ಡ ಕಾರ್ಡು ಸಿನಿಮಾಗೆ ನಿಜವಾಗಿ ಕೆಲಸಕ್ಕೆ ಬರುವ ಜಾಗ ನನಗೆ ಗೊತ್ತಿರುವಂತೆ ಒಂದಿದೆ. ಪ್ರೊಜೆಕ್ಟರ್ ಇಟ್ಟುಕೊಂಡು ಮ್ಯಾಡ್‌ವಿಆರ್ ಅನ್ನುವ ತಂತ್ರಾಂಶ ಬಳಸುವವರಿಗೆ. ಪ್ರೊಜೆಕ್ಟರಿಗೆ ಎಚ್‌ಡಿಆರ್ (ಬೆಳಕು ಕತ್ತಲಿನ ಅಂತರ ಹೆಚ್ಚಿರುವ) ಚಿತ್ರದಲ್ಲಿರುವಷ್ಟು ಬೆಳಕು ಕೊಡಲು ಆಗುವುದಿಲ್ಲ, ಆ ತಂತ್ರಾಂಶ ಪ್ರತಿ ದೃಶ್ಯದ ಬೆಳಕನ್ನು ಲೆಕ್ಕ ಹಾಕಿ ಹೊಂದಿಸುತ್ತದೆ. ಆ ಲೆಕ್ಕಕ್ಕೆ ಬಲ ಬೇಕು. ಫಲಿತಾಂಶ ನೋಡಿದರೆ ಖರ್ಚು ಮಾಡಿದ್ದಕ್ಕೆ ಬೇಜಾರಾಗುವುದಿಲ್ಲ, ಕತ್ತಲ ದೃಶ್ಯದಲ್ಲಿ ದೀಪದ ಜ್ವಾಲೆಯೂ ಅದರ ಪಕ್ಕದ ಮುಖವೂ ಎರಡೂ ಕಾಣುತ್ತವೆ.

ಪ್ರಶ್ನೆ (ಮೈಸೂರು): ಎರಡು ಸಣ್ಣ ಪ್ರಶ್ನೆ. ಐದು ಸಾವಿರದ ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಚೆನ್ನಾಗಿ ಬರುತ್ತದಾ? ಅಮೆರಿಕದಿಂದ ಬರುತ್ತಿರುವ ಅಕ್ಕನ ಹತ್ತಿರ ಗ್ರಾಫಿಕ್ಸ್ ಕಾರ್ಡ್ ತರಿಸಬಹುದಾ?

ಉತ್ತರ: ಕೇಬಲ್ ವಿಷಯಕ್ಕೆ, ಇಲ್ಲ. ಡಿಜಿಟಲ್ ಸಿಗ್ನಲ್ ಸರಿಯಾಗಿ ತಲುಪಿದರೆ ಚಿತ್ರ ಒಂದೇ. ತಲುಪದಿದ್ದರೆ ಮಿಂಚುವ ಚುಕ್ಕೆಗಳು, ಇಲ್ಲವೇ ಕಪ್ಪು ಪರದೆ. ಎರಡು ಮೂರು ಮೀಟರಿಗೆ 'ಅಲ್ಟ್ರಾ ಹೈ ಸ್ಪೀಡ್' ಪ್ರಮಾಣಪತ್ರದ ಸ್ಟಿಕ್ಕರ್ ಇರುವ ಸಾಧಾರಣ ಬೆಲೆಯದನ್ನು ತನ್ನಿ. ಹತ್ತು ಮೀಟರಿಗಿಂತ ಉದ್ದ ಬೇಕಾದಾಗ ಮಾತ್ರ ಆಪ್ಟಿಕಲ್ ಎಚ್‌ಡಿಎಂಐಗೆ ಖರ್ಚು ಮಾಡಿ. ಅದಕ್ಕೆ ದಿಕ್ಕು ಇದೆ, ಗೋಡೆಯೊಳಗೆ ಎಳೆಸುವ ಮೊದಲು ಯಾವ ತುದಿ ಟಿವಿಗೆ ಅಂತ ಓದಿಕೊಳ್ಳಿ. ಒಮ್ಮೆ ಜೋಡಿಸಿ ಚಿತ್ರ ಬಂದ ಮೇಲೆ ಗಾರೆ ಹಾಕಿಸಿ.

ಅಕ್ಕನ ಹತ್ತಿರ ತರಿಸುವ ಮೊದಲು ಆ ಕಾರ್ಡಿನ ವಾರಂಟಿ ಇಂಡಿಯಾದಲ್ಲಿ ನಡೆಯುತ್ತದಾ ಅಂತ ಕಂಪನಿಯ ಸೈಟಿನಲ್ಲಿ ನೋಡಿ. ಅನೇಕ ಕಂಪನಿಗಳದ್ದು ಕೊಂಡ ದೇಶದಲ್ಲೇ ನಡೆಯುವುದು. ಕಸ್ಟಮ್ಸ್‌ನಲ್ಲಿ ಒಂದು ಲ್ಯಾಪ್‌ಟಾಪಿಗೆ ಇರುವ ವಿನಾಯಿತಿ ಗ್ರಾಫಿಕ್ಸ್ ಕಾರ್ಡಿಗೆ ಇಲ್ಲ, ಆದ್ದರಿಂದ ಬಿಲ್ಲು ಅಕ್ಕನ ಕೈಯಲ್ಲೇ ಇರಲಿ. ಕಾರ್ಡನ್ನು ಚೆಕ್‌ಇನ್ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿ, ಅದರ ಮೂಲ ಡಬ್ಬಿಯಲ್ಲೇ ತರಲು ಹೇಳಿ.